ಸ್ಟಿಕ್ಕರ್ ಅಂಟಿಸುವವನ ಮೊಣಕಾಲು

ಕೆಲವರಿಗೆ ವರ್ಷಕ್ಕೊಮ್ಮೆ ಆಘಾತ ಆಗ್ತದೆ, ನನಗೆ ವಾರಕ್ಕೆ ಎರಡು ಸಲ. ಎಲ್ಲ ಈ ಶರೀರದ ದೆಸೆಯಿಂದ. ಪುತ್ತೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಉಂಟು. ರಿಕ್ಷಾ, ಜೀಪು, ಲಾರಿ, ಬಸ್ಸು, ಯಾವುದು ಬಂದರೂ ಹೆಸರು, ಚಿತ್ರ, ಬಣ್ಣದ ಪಟ್ಟಿ ಅಂಟಿಸಿ ಕೊಡುದು. ಮೊದಲು ಬ್ರಷ್ಷಿನಲ್ಲಿ ಬರೆಯುತ್ತಿದ್ದೆ. ಮತ್ತೆ ಸ್ಟಿಕ್ಕರಿನ ಕಾಲ ಬಂತು, ನಾನೂ ಅದಕ್ಕೆ ಅಂಟಿಕೊಂಡೆ. ನೋಡುವವರಿಗೆ ‘ಇದೆಂತ ಕಷ್ಟ, ಕಾಗದ ಅಂಟಿಸುದಲ್ವಾ’ ಅಂತ ಕಾಣ್ತದೆ. ಮೇಲೆ ಅಂಟಿಸಲಿಕ್ಕೆ ಕೈ ಎತ್ತಬೇಕು, ಕೆಳಗೆ ಅಂಟಿಸಲಿಕ್ಕೆ ಕುಕ್ಕರಗಾಲಲ್ಲಿ ಕೂರಬೇಕು, ನಡುವೆ ಅಂಟಿಸಲಿಕ್ಕೆ ಬೆನ್ನು ಬಗ್ಗಿಸಬೇಕು. ಮನುಷ್ಯ ನೆಟ್ಟಗೆ ನಿಂತು ಅಂಟಿಸುವ ಜಾಗ ಯಾವ ವಾಹನದಲ್ಲಿಯೂ ದೇವರು ಇಟ್ಟಿಲ್ಲ. ನನಗೋ ಅರುವತ್ತು ದಾಟಿತು.

ಹೆಂಡತಿ ಒಂದು ದಿನ ಊಟ ಬಡಿಸುತ್ತಾ ಹೇಳಿಬಿಟ್ಟಳು. “ಕೂತಲ್ಲಿಂದ ಒಬ್ಬರೇ ಏಳಲಿಕ್ಕೆ ಆಗುದಿಲ್ಲ ಅಂತ ನನಗೆ ಗೊತ್ತಾದ ದಿನ, ಅಂಗಡಿಯ ಶಟರ್ ನಾನೇ ಬಂದು ಎಳೆಯುದು.” ಅವಳು ಹೇಳಿದ್ರೆ ಹೇಳಿದ್ದೇ. ಶಟರ್ ಎಳೆದ ಮೇಲೆ ನಾನು ಎಂತ ಮಾಡುದು ಮಾರಾಯ್ರೆ? ನನಗೆ ಬರುದು ಇದೊಂದೇ. ನಾನು ಅಂಟಿಸಿದ ಹೆಸರು ರಸ್ತೆಯಲ್ಲಿ ಓಡುದು ಕಂಡ್ರೆ ಈಗಲೂ ನನಗೆ ಒಂದು ಗ್ಲಾಸ್ ಚಾ ಹೆಚ್ಚು ಕುಡಿದಷ್ಟು ಖುಷಿ. ಹಾಗಾಗಿ ಅವತ್ತಿನಿಂದ ನನ್ನ ನೋವನ್ನೆಲ್ಲ ಕಳ್ಳಮಾಲಿನ ಹಾಗೆ ಅಡಗಿಸಿಟ್ಟೆ.

ಕೈ ಎತ್ತಿದ ಮನುಷ್ಯ

ಒಂದು ವ್ಯಾನಿನ ಮೇಲಂಚಿಗೆ ಉದ್ದದ ಪಟ್ಟಿ ಅಂಟಿಸುದಿತ್ತು. ಅಂಗಡಿ ಎದುರು, ರಸ್ತೆ ಬದಿಯಲ್ಲಿ. ಬಲಗೈ ಎತ್ತಿ ಉಜ್ಜಿ ಉಜ್ಜಿ ಕೊನೆಗೆ ಮುಟ್ಟುವಾಗ ಭುಜದಲ್ಲಿ ‘ಕಟಕ್’ ಅಂತ ಒಂದು ಶಬ್ದ. ಕೈ ಮೇಲೆಯೇ ನಿಂತಿತು! ಎಡಗೈಯಲ್ಲಿ ಎಳೆದೆ, ಬರುದಿಲ್ಲ. ವ್ಯಾನಿನವ ಕೆಲಸ ಮುಗಿಯಿತು ಅಂತ ಹಣ ನನ್ನ ಕಿಸೆಗೆ ಹಾಕಿ ಹೋದ. ಹೋಗುವಾಗ ನನ್ನ ಕೈ ನೋಡಿ ಟಾಟಾ ಅಂತ ಗ್ರಹಿಸಿ ತಾನೂ ಕೈ ಬೀಸಿದ.

ವ್ಯಾನು ಹೋಯಿತು, ನಾನು ರಸ್ತೆ ಬದಿಯಲ್ಲಿ ಕೈ ಎತ್ತಿಕೊಂಡು ಬಾಕಿ. ಅಷ್ಟೊತ್ತಿಗೆ ಸುಳ್ಯದ ಬಸ್ಸು ಬಂದು ಗಕ್ಕನೆ ನನ್ನೆದುರು ನಿಂತಿತು.

“ಬೇಗ ಹತ್ತಿ, ಬೇಗ ಹತ್ತಿ,” ಅಂದ ಕಂಡಕ್ಟರ್.

“ಇಲ್ಲ, ನಾನು ಎಲ್ಲಿಗೂ ಇಲ್ಲ.”

“ಮತ್ತೆ ಕೈ ತೋರಿಸಿದ್ದು ಎಂತಕ್ಕೆ?”

“ತೋರಿಸಿದ್ದಲ್ಲ ಮಾರಾಯ್ರೆ, ಅದು ಹಾಗೆಯೇ ಹಿಡಿದುಕೊಂಡದ್ದು!”

ಇಡೀ ಬಸ್ಸು ಕಿಟಕಿಯಿಂದ ತಲೆ ಹೊರಗೆ ಹಾಕಿತು. ಒಬ್ಬರು ಅಜ್ಜಿ “ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಕಾವು ಕೊಡಿ ಮಗಾ” ಅಂದರು. ನನ್ನನ್ನು ಮಗಾ ಅಂದದ್ದು ಕೇಳಿ ಆ ನೋವಿನಲ್ಲಿಯೂ ಸ್ವಲ್ಪ ಸಮಾಧಾನ ಆಯಿತು. ಕಂಡಕ್ಟರ್ ಮಾತ್ರ ಬೈದುಕೊಂಡೇ ಹೋದ. ಕೈ ಕೆಳಗೆ ಇಳಿಯಲಿಕ್ಕೆ ಮತ್ತೂ ಅರ್ಧ ಗಂಟೆ ಹಿಡಿಯಿತು.

ಮರುವಾರ ನಿಜವಾಗಿ ಸುಳ್ಯಕ್ಕೆ ಹೋಗಲಿಕ್ಕಿತ್ತು. ಅದೇ ಜಾಗ, ಅದೇ ಬಸ್ಸು, ಕೈ ಎತ್ತಿದೆ. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ನೋಡಿ ಡ್ರೈವರಿಗೆ ಹೇಳಿದ್ದು ನನಗೂ ಕೇಳಿತು. “ಇವರ ಕೈ ಯಾವಾಗಲೂ ಹಾಗೆಯೇ ಇರುದು, ನೀವು ಹೋಗಿ, ರೈಟ್!”

ಮನೆಯ ಯಜಮಾನ

ಅಂಟಿಸಿದ ಸ್ಟಿಕ್ಕರಿನ ಒಳಗೆ ಗಾಳಿಯ ಗುಳ್ಳೆ ಉಳಿಯಬಾರದು. ಅದನ್ನು ತೆಗೆಯಲಿಕ್ಕೆ ಪ್ಲಾಸ್ಟಿಕ್ ಪಟ್ಟಿ ಉಂಟು, ಆದರೆ ಸಣ್ಣ ಗುಳ್ಳೆಗಳಿಗೆ ಹೆಬ್ಬೆರಳೇ ಆಗಬೇಕು. ಇಷ್ಟು ವರ್ಷ ಉಜ್ಜಿದ ಹೆಬ್ಬೆರಳು ಈಗ ನದಿಯ ಕಲ್ಲಿನ ಹಾಗೆ ನುಣ್ಣಗೆ ಆಗಿದೆ. ಅದು ನನಗೆ ಗೊತ್ತಾದದ್ದು ರೇಷನ್ ಅಂಗಡಿಯಲ್ಲಿ.

ಮೆಷಿನ್ ಮೇಲೆ ಬೆರಳು ಇಟ್ಟೆ. ಕುಂಯ್ ಅಂದಿತು. ಒರೆಸಿ ಇಟ್ಟೆ. ಪುನಃ ಕುಂಯ್. ರೇಷನ್ ಅಂಗಡಿಯವರು ನನ್ನ ಮುಖವನ್ನೂ ಬೆರಳನ್ನೂ ನೋಡಿ, “ಇದು ನಿಮ್ಮದೇ ಬೆರಳಾ?” ಅಂದರು.

“ಮತ್ತೆಂತ, ಬಾಡಿಗೆಗೆ ತಂದದ್ದಾ?”

“ಹಾಗಲ್ಲ, ಇದರಲ್ಲಿ ಗೆರೆಯೇ ಇಲ್ಲ ಅಲ್ವಾ! ಮೆಷಿನ್ ಪ್ರಕಾರ ನೀವು ಇಲ್ಲವೇ ಇಲ್ಲ.”

ಎದುರು ನಿಂತು ಮಾತಾಡ್ತಾ ಇದ್ದೇನೆ, ಆದರೂ ಇಲ್ಲ! ಹೆಂಡತಿ ನನ್ನನ್ನು ಬದಿಗೆ ಸರಿಸಿ ತನ್ನ ಹೆಬ್ಬೆರಳು ಇಟ್ಟಳು. ಒಂದೇ ಸಲಕ್ಕೆ ಹಸಿರು ದೀಪ.

“ಮನೆಯಲ್ಲಿ ಯಜಮಾನ ಯಾರು ಅಂತ ಮೆಷಿನಿಗೂ ಗೊತ್ತುಂಟು,” ಅಂದರು ಹಿಂದೆ ಲೈನಿನಲ್ಲಿ ನಿಂತವರು. ಎಲ್ಲರೂ ನಗಾಡಿದರು, ಅವಳೊಬ್ಬಳನ್ನು ಬಿಟ್ಟು. ದಾರಿಯಿಡೀ ನನ್ನ ಹೆಬ್ಬೆರಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾ ಬಂದಳು. “ಬೆರಳೇ ಹೀಗಾದ್ರೆ ಕೈಕಾಲಿನ ಗಂಟುಗಳ ಕಥೆ ಎಂತ?” ಅಂತ ಕೇಳಿದಳು. ಎಂತ ಇಲ್ಲ, ಎಂತ ಇಲ್ಲ ಅಂತ ನಾನು ಬೇಗ ಬೇಗ ನಡೆದು ತೋರಿಸಿದೆ. ಆ ರಾತ್ರಿ ಅದರ ಫಲ ಮೊಣಕಾಲು ಅನುಭವಿಸಿತು.

ಕೆದಂಬಾಡಿಯ ರಿಕ್ಷಾ

ಬೆನ್ನು ಹಿಡಿದು ನಾನು ಎಡಕ್ಕೆ ಓರೆಯಾಗಿದ್ದ ದಿನ ಅದು. ಕೆದಂಬಾಡಿಯ ಒಬ್ಬರ ರಿಕ್ಷಾದ ಹಿಂದೆ ಮಗಳ ಹೆಸರು ಅಂಟಿಸಿದೆ. ನನ್ನ ಕಣ್ಣಿಗೆ ನೂಲು ಹಿಡಿದ ಹಾಗೆ ಸರಿ ಇತ್ತು.

“ಅಯ್ಯೋ, ಇದೆಂತದು! ಹೆಸರು ಜಾರಿ ಬೀಳ್ತಾ ಉಂಟಲ್ಲ!” ಅಂತ ರಿಕ್ಷಾದವರು ಬೊಬ್ಬೆ ಹಾಕಿದರು.

“ಎಂತ ಜಾರುದು? ಇಲ್ಲಿ ಬಂದು ನನ್ನ ಹಾಗೆ ನಿಂತು ನೋಡಿ.”

ಅವರು ನನ್ನ ಹಾಗೆ ಸೊಂಟ ಓರೆ ಮಾಡಿ ನಿಂತರು. “ಹೌದು, ಈಗ ಸರಿ ಕಾಣ್ತದೆ!” ಗಲಾಟೆ ಕೇಳಿ ಬಂದ ರಿಕ್ಷಾ ಸ್ಟ್ಯಾಂಡಿನವರೆಲ್ಲ ಒಬ್ಬರ ಹಿಂದೆ ಒಬ್ಬರು ಎಡಕ್ಕೆ ವಾಲಿ ನಿಂತು ಪರೀಕ್ಷೆ ಮಾಡಿದರು. ತೆಗೆದು ಬೇರೆ ಹಾಕಿ ಕೊಡ್ತೇನೆ ಅಂದರೆ ಕೆದಂಬಾಡಿಯವರಿಗೆ ಪುರುಸೊತ್ತಿಲ್ಲ, ಬಾಡಿಗೆ ಕಾದಿತ್ತು. ಈಗಲೂ ಆ ರಿಕ್ಷಾ ಹಾಗೆಯೇ ಓಡ್ತಾ ಉಂಟು. ತಿರುವಿನಲ್ಲಿ ವಾಲುವಾಗ ಮಾತ್ರ ಹೆಸರು ನೆಟ್ಟಗೆ ಕಾಣ್ತದೆ.

ಡಾಕ್ಟರರ ಕಾರು

ಕೊನೆಗೆ ಹೆಂಡತಿಗೆ ಹೇಳದೆ ಮೂಳೆ ಡಾಕ್ಟರರ ಹತ್ತಿರ ಹೋದೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಅಯ್ಯಯ್ಯೋ!” ಅಂದರು. ಡಾಕ್ಟರೇ ಅಯ್ಯಯ್ಯೋ ಅಂದರೆ ರೋಗಿ ಎಂತ ಹೇಳುದು?

“ಕೆಲಸ ಎಂತ ನಿಮ್ಮದು?”

“ವಾಹನಕ್ಕೆ ಸ್ಟಿಕ್ಕರ್ ಹಾಕುದು.”

“ಕುಕ್ಕರಗಾಲಲ್ಲಿ ಕೂರುದಾ? ಈ ಪ್ರಾಯದಲ್ಲಿ? ನಿಮಗೆ ತಲೆ ಸರಿ ಉಂಟಾ? ಇನ್ನೊಮ್ಮೆ ಕೂತ್ರೆ ನನ್ನ ಹತ್ತಿರ ಬರಲೇಬೇಡಿ!”

ತಲೆ ತಗ್ಗಿಸಿ ಎಲ್ಲ ಕೇಳಿದೆ. ಚೀಟಿ ಹಿಡಿದು ಎದ್ದು ಬಾಗಿಲವರೆಗೆ ಹೋಗಿದ್ದೆ, ಹಿಂದಿನಿಂದ ಕರೆದರು. ಸ್ವರ ಪೂರ್ತಿ ಮೆತ್ತಗೆ.

“ಹೊರಗೆ ನನ್ನ ಹೊಸ ಕಾರು ಉಂಟು. ಬಾಗಿಲಿನ ಕೆಳಗೆ ಒಂದು ಕಪ್ಪು ಪಟ್ಟಿ ಹಾಕಿದ್ರೆ ಚಂದ ಕಾಣಬಹುದು ಅಲ್ವಾ?”

ನಾನು ಬಾಗಿಲಿನಿಂದ ತಿರುಗಿದೆ. “ಡಾಕ್ಟ್ರೇ, ಬಾಗಿಲಿನ ಕೆಳಗೆ ಅಂದ್ರೆ ಕುಕ್ಕರಗಾಲಲ್ಲಿ ಕೂರಬೇಕಾಗ್ತದೆ.”

ಅವರು ನನ್ನ ಕೈಯ ಚೀಟಿಯನ್ನು ಒಮ್ಮೆ ನೋಡಿದರು. “ಹಾಗಾದ್ರೆ ಒಂದು ವಾರ ಮಾತ್ರೆ ತಿಂದು, ಮತ್ತೆ ಬಂದು ಕೂರಿ.”

ಕಡಬದ ಲಾರಿ

ಇನ್ನು ಇದನ್ನು ನೆನೆಸಿದರೆ ಈಗಲೂ ನನಗೆ ಬೆವರು ಬರ್ತದೆ.

ಕಡಬದಲ್ಲಿ ಒಬ್ಬರು ಹೊಸ ಲಾರಿ ತೆಗೆದಿದ್ದರು. ಲಾರಿಯ ಮುಂದೆ, ಬಂಪರಿನಲ್ಲಿ, ಅವರ ಊರಿನ ದೈವದ ಹೆಸರು ಹಾಕಬೇಕಿತ್ತು. ಅಲ್ಲಿಯೇ ಹತ್ತಿರ ಹೆಂಡತಿಯ ಅಕ್ಕನ ಮನೆ. “ನಾನೂ ಬರ್ತೇನೆ” ಅಂತ ಅವಳು ಹೊರಟಳು. ಅಕ್ಕನ ನೆಪದಲ್ಲಿ ನನ್ನ ಗಂಟು ನೋಡಲಿಕ್ಕೆ ಬರುದು ಅಂತ ನನಗೆ ಸಂಶಯ ಇತ್ತು. ಅವಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ನಾನು ಲಾರಿಯ ಹತ್ತಿರ ಓಡಿದೆ.

ಅಂಗಳದಲ್ಲಿ ಮನೆಯವರು, ನೆಂಟರು, ನೆರೆಕರೆಯವರು ಎಲ್ಲ ಸೇರಿದ್ದರು. ಊದುಬತ್ತಿ, ತೆಂಗಿನಕಾಯಿ, ಅಡಿಕೆ ಹೂವಿನ ಹಿಂಗಾರ, ಎಲ್ಲ ತಯಾರು. ನಾನು ಕುಕ್ಕರಗಾಲಲ್ಲಿ ಕೂತು ಕೊನೆಯ ಅಕ್ಷರ ಉಜ್ಜಿದೆ. ಎರಡೂ ಕೈ ಬಂಪರಿಗೆ ಕೊಟ್ಟು ಏಳಲಿಕ್ಕೆ ನೋಡಿದೆ. ಎರಡೂ ಕಾಲಿನ ಮೀನಖಂಡ ಒಟ್ಟಿಗೆ ಹಿಡಿದುಕೊಂಡಿತು! ಏಳಲಿಕ್ಕೂ ಇಲ್ಲ, ಕೂರಲಿಕ್ಕೂ ಇಲ್ಲ. ಮೈಯೆಲ್ಲ ಗಡಗಡ ನಡುಗಿತು, ಕಣ್ಣು ಮೇಲೆ ಸಿಕ್ಕಿತು, ಬಾಯಿಯಿಂದ ‘ಹ್ಹೋ... ಹ್ಹೋ...’ ಅಂತ ಮಾತ್ರ ಬರ್ತದೆ.

ಸೇರಿದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಯಾರೋ ಪಿಸುಗುಟ್ಟಿದರು: “ದರ್ಶನ!”

ದೈವ ಮೈಮೇಲೆ ಬಂದಿದೆ ಅಂತ ಎಲ್ಲರೂ ಕೈಮುಗಿದು ನಿಂತರು. ಒಬ್ಬರು ನನ್ನ ಕೈಗೆ ಹಿಂಗಾರ ಕೊಟ್ಟರು. ಲಾರಿಯವರ ತಾಯಿ ಬಂದು ಕಾಲಿಗೆ ಬಿದ್ದರು. ಬಿದ್ದು ಹಿಡಿದದ್ದು ಸೀದಾ ಆ ಮೀನಖಂಡವನ್ನೇ! ನಾನು ಆಕಾಶಕ್ಕೆ ಕೇಳುವ ಹಾಗೆ ಬೊಬ್ಬೆ ಹಾಕಿದೆ. ಬೊಬ್ಬೆ ಜೋರಾದ ಹಾಗೆ ಭಕ್ತಿಯೂ ಜೋರಾಯಿತು.

“ಅಪ್ಪಣೆ ಆಗಬೇಕು ಸ್ವಾಮೀ,” ಅಂತ ಲಾರಿಯವರು ಬೇಡಿಕೊಂಡರು.

ಅಷ್ಟರಲ್ಲಿ ಯಾರೋ ಓಡಿ ಹೋಗಿ ಹೆಂಡತಿಯನ್ನು ಕರೆತಂದರು. “ಅಕ್ಕಾ, ನಿಮ್ಮ ಯಜಮಾನರಿಗೆ ದರ್ಶನ ಬಂದಿದೆ. ಎಂತಾದ್ರೂ ಕೇಳುದಿದ್ರೆ ಈಗಲೇ ಕೇಳಿ.”

ಅವಳು ನನ್ನನ್ನು ನೋಡಿದಳು. ಮುಖ ನೋಡಲಿಲ್ಲ, ಸೀದಾ ಕಾಲು ನೋಡಿದಳು. ಸಿಕ್ಕಿಬಿದ್ದೆ! ಇನ್ನು ನನ್ನ ಶಟರ್ ಎಳೆದ ಹಾಗೆಯೇ. ಹೇಳಬೇಡ ಮಾರಾಯ್ತಿ ಅಂತ ಕಣ್ಣಿನಲ್ಲಿಯೇ ಬೇಡಿದೆ.

ಅವಳು ಸೆರಗು ಸರಿ ಮಾಡಿ, ಕೈಮುಗಿದು, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. “ಸ್ವಾಮೀ, ಈ ಮನುಷ್ಯ ನನ್ನ ಮಾತು ಕೇಳುದಿಲ್ಲ. ಇನ್ನು ಮುಂದೆ ಇವರು ನೆಲದಲ್ಲಿ ಕೂತು ಕೆಲಸ ಮಾಡಬಾರದು. ಹೌದಾದರೆ ಒಂದು ಹೂಂ ಆಗಬೇಕು.”

ಅಷ್ಟೂ ಜನ ನನ್ನ ಬಾಯಿಯನ್ನೇ ನೋಡಿದರು. “ಹೂಂ,” ಅಂದೆ.

“ಅಂಗಡಿ ಮುಚ್ಚಬೇಕಾ ಸ್ವಾಮೀ?”

“ಊಹೂಂ! ಊಹೂಂ!” ಹಿಂಗಾರದ ಹೂವೆಲ್ಲ ಉದುರುವ ಹಾಗೆ ತಲೆ ಅಲ್ಲಾಡಿಸಿದೆ. ಅವಳ ತುಟಿಯ ಕೊನೆಯಲ್ಲಿ ಸಣ್ಣ ನಗು ಬಂದದ್ದು ನನಗೊಬ್ಬನಿಗೇ ಕಂಡಿತು. ಅವಳು ಅಷ್ಟಕ್ಕೇ ಬಿಟ್ಟಳಲ್ಲ ಅಂತ ನನಗೆ ಕಣ್ಣು ತುಂಬಿತು. ಮತ್ತೆ ಬಗ್ಗಿ, ಭಕ್ತಿಯಿಂದ ಎಂಬಂತೆ ನನ್ನ ಎರಡೂ ಕಾಲಿನ ಹೆಬ್ಬೆರಳು ಹಿಡಿದು ಒಮ್ಮೆ ಎಳೆದಳು. ನರ ಬಿಟ್ಟಿತು, ನಡುಕ ನಿಂತಿತು. “ಇಳಿಯಿತು, ಇಳಿಯಿತು,” ಅಂತ ಎಲ್ಲರೂ ಉಸಿರು ಬಿಟ್ಟರು.

ದೈವದ ಹೆಸರಿನಲ್ಲಿ ಹೂಂ ಹೇಳಿದ್ದು ನನಗೆ ಹೆದರಿಕೆಯೇ. ಮರುದಿನವೇ ದೈವಸ್ಥಾನಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದೆ. “ನನ್ನ ಲೆಕ್ಕದ್ದೂ ಒಂದು ಹಾಕಿ,” ಅಂತ ಹೆಂಡತಿ ಕೊಟ್ಟು ಕಳಿಸಿದ್ದಳು.

ಸುದ್ದಿ ನನಗಿಂತ ಮೊದಲೇ ಪುತ್ತೂರಿಗೆ ಮುಟ್ಟಿತ್ತು. ಈಗ ನಾನು ಕೂರುತ್ತೇನೆ ಅಂದರೂ ಯಾರೂ ಬಿಡುದಿಲ್ಲ. ರಿಕ್ಷಾದವರು ರಿಕ್ಷಾವನ್ನೇ ಅಡ್ಡ ಮಲಗಿಸಿ ಕೊಡ್ತಾರೆ. ಪಿಕಪ್‌ನವರು ಕೆಂಪು ಕಲ್ಲು ಒಂದರ ಮೇಲೊಂದು ಇಟ್ಟು ಗಾಡಿಯನ್ನೇ ಅದರ ಮೇಲೆ ಹತ್ತಿಸಿ ನಿಲ್ಲಿಸ್ತಾರೆ. ನನಗೆ ಬೆನ್ನೂ ನೆಟ್ಟಗೆ, ಅಕ್ಷರವೂ ನೆಟ್ಟಗೆ.

ಮೊನ್ನೆ ಸುಳ್ಯದಿಂದ ಒಬ್ಬರು ಬಸ್ಸಿನ ಮಾಲಕರು ಫೋನ್ ಮಾಡಿದರು. “ಬಸ್ಸಿನ ಕೆಳಗಿನ ಪಟ್ಟಿ ಹಾಕಲಿಕ್ಕುಂಟು. ಆದ್ರೆ ಬಸ್ಸನ್ನು ಅಡ್ಡ ಮಲಗಿಸಲಿಕ್ಕೆ ಆಗುದಿಲ್ಲ ಅಲ್ವಾ! ಒಂದೇ ಒಂದು ಸಲ ನೆಲದಲ್ಲಿ ಕೂರಲಿಕ್ಕೆ ಅಪ್ಪಣೆ ಸಿಗ್ತದಾ ಅಂತ, ನಿಮ್ಮ ಮೈಮೇಲೆ ಬರುವ ದೈವದ ಹತ್ತಿರ ಸ್ವಲ್ಪ ಕೇಳಿ ನೋಡಿ.”

ನಾನು ಫೋನನ್ನು ಹೆಂಡತಿಯ ಕೈಗೆ ಕೊಟ್ಟೆ.