ಮೂರು ತುಂಡಾದ ಮರೆಯಲಾಗದ ಕಾದಂಬರಿ

ಓದಲೇಬೇಕಾದ ಕಾದಂಬರಿಗಳನ್ನು ಸೂಚಿಸುವುದರಲ್ಲಿ ಈ ಮೂರು ತಾಲ್ಲೂಕುಗಳಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ಜಂಭವಲ್ಲ. ಹೋದ ಚೌತಿಯವರೆಗೆ ನಿಜವೇ ಆಗಿತ್ತು.

ನಮ್ಮದೊಂದು ಪುಟ್ಟ ಓದುಗರ ಬಳಗ. ಸಾಗರದಿಂದ ನಾನು, ಹೊಸನಗರದಿಂದ ಶಾಲಿನಿ ಟೀಚರ್, ತೀರ್ಥಹಳ್ಳಿಯಿಂದ ನಿವೃತ್ತ ಪೋಸ್ಟ್‌ಮಾಸ್ಟರ್ ಗಣಪಯ್ಯ. ತಿಂಗಳಿಗೊಬ್ಬರು ಒಂದು ಕಾದಂಬರಿ ಸೂಚಿಸಬೇಕು, ಮೂವರೂ ಓದಬೇಕು. ನನ್ನ ಸರದಿ ಬಂದಾಗ ಒಂದು ಹಳೆಯ, ಆರುನೂರು ಪುಟದ ಕಾದಂಬರಿಯನ್ನು ಹೆಸರಿಸಿ, "ಇದನ್ನು ಓದದೆ ಸತ್ತರೆ ಮೋಕ್ಷವಿಲ್ಲ!" ಎಂದು ಮೊಬೈಲಿನಲ್ಲಿ ಘೋಷಿಸಿದೆ.

ಅದರ ಪ್ರತಿ ಈಗ ಎಲ್ಲೂ ಸಿಗುವುದಿಲ್ಲ. ಇದ್ದದ್ದು ಒಂದೇ, ನನ್ನ ಹೆಂಡತಿ ಜಯಳ ಕಪಾಟಿನಲ್ಲಿ. ಮದುವೆಗೆ ಅವಳ ಅಪ್ಪ ಕೊಟ್ಟದ್ದು. ಮೊದಲ ಪುಟದಲ್ಲಿ ಅವರ ಅಕ್ಷರವಿದೆ, ಅವರಿಲ್ಲ. ಚೌತಿಗೆಂದು ಜಯ ಆನಂದಪುರದ ತವರಿಗೆ ಹೋಗಿದ್ದಳು. ಪುಸ್ತಕ ಒಂದು, ಓದುಗರು ಮೂವರು. ಸರಳ ಗಣಿತ! ತರಕಾರಿ ಚಾಕು ಸಾಲದೆ ಹಲಸಿನಕಾಯಿ ಕೊಚ್ಚುವ ಕತ್ತಿ ತಂದೆ.

ಮೂರು ತುಂಡನ್ನೂ ದಬ್ಬಣದಲ್ಲಿ ಹೊಲಿದು, ಕಂದು ಕಾಗದದ ಹೊದಿಕೆ ಹಾಕಿದೆ. ನಮ್ಮ ಕಡೆ ಖಾಸಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಔಷಧಿಯಿಂದ ಲಗ್ನಪತ್ರಿಕೆವರೆಗೆ ಎಲ್ಲವೂ ತಲುಪುತ್ತದೆ. ಮೊದಲ ತುಂಡು ನನಗೆ, ನಡುವಿನದು ಹೊಸನಗರಕ್ಕೆ, ಕೊನೆಯದು ತೀರ್ಥಹಳ್ಳಿಗೆ. ಹತ್ತು ದಿನಕ್ಕೊಮ್ಮೆ ಅದಲು ಬದಲು. ಮೂವರೂ ಏಕಕಾಲಕ್ಕೆ ಓದಬಹುದು! ಇಂಥ ಉಪಾಯ ಹೊಳೆಯದ ಜಗತ್ತಿನ ಬಗ್ಗೆ ಮರುಕಪಟ್ಟು ಮಲಗಿದೆ.

ಮರುದಿನ ಗಣಪಯ್ಯನವರ ಫೋನು.

"ಎಂತ ಮಾರಾಯ್ರೆ ಇದು! ಮೊದಲ ಪುಟದಲ್ಲೇ ಹೆಣ ಎತ್ತುತ್ತಿದ್ದಾರಲ್ಲ! ಯಾರದ್ದು?"

ಕೊನೆಯ ತುಂಡಿನಿಂದ ಶುರು ಮಾಡಿದವನಿಗೆ ಹೀಗಾಗುತ್ತದೆಂದು ನನಗೆ ಹೊಳೆದದ್ದೇ ಆಗ. "ಅದೊಂದು ತಂತ್ರ. ಓದುತ್ತಾ ಹೋಗಿ" ಎಂದೆ.

ಅವರು ಓದುತ್ತಾ ಹೋದರು. ಸಂಜೆಯೊಳಗೆ ಸತ್ತವನ ಹೆಸರು ಪತ್ತೆಹಚ್ಚಿ ಬಳಗಕ್ಕೆಲ್ಲ ತಿಳಿಸಿದರು. ಕೂಡಲೇ ಶಾಲಿನಿ ಟೀಚರ್ ಕೂಗಿಕೊಂಡರು: "ಅಯ್ಯೋ, ಅವನಿಗೆ ನನ್ನ ಭಾಗದಲ್ಲಿ ಈಗಷ್ಟೇ ಹೆಣ್ಣು ನೋಡ್ತಿದ್ದಾರೆ!"

ಮೊದಲ ತುಂಡು ಕಳಿಸಲೇ ಎಂದರೆ ಇಬ್ಬರೂ ಬೇಡವೆಂದರು. "ಸಾಯೋರ ಪರಿಚಯ ಈಗ್ಯಾಕೆ?" ಎಂದರು ಗಣಪಯ್ಯ.

ಅಷ್ಟರಲ್ಲಿ ಜಯ ಎರಡು ದಿನ ಮೊದಲೇ ಬಂದಳು! ನೇರ ಕಪಾಟಿಗೆ ಹೋದಳು.

"ನನ್ನ ಪುಸ್ತಕ ಎಲ್ರೀ?"

"ಓದಲಿಕ್ಕೆ ಕೊಟ್ಟಿದ್ದೇನೆ."

"ಯಾರಿಗೆ?"

"ಇಬ್ಬರಿಗೆ."

"ಒಂದು ಪುಸ್ತಕ ಇಬ್ಬರಿಗಾ?"

ನಾನು ಮೇಜಿನ ಮೇಲಿದ್ದ ಮೊದಲ ತುಂಡನ್ನು ಮೆಲ್ಲಗೆ ಮುಂದೆ ತಳ್ಳಿದೆ. ಅವಳು ಅಪ್ಪನ ಅಕ್ಷರದ ಮೇಲೆ ಬೆರಳಾಡಿಸಿದಳು. ಬೈಯಲಿಲ್ಲ. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಮಾರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತು ಉಳಿದೆರಡು ತುಂಡುಗಳನ್ನು ಇಳಿಸಿಕೊಂಡೆ. ಜಯ ನನ್ನ ಹೊಲಿಗೆ ಬಿಚ್ಚಿ, ಮೂರನ್ನೂ ಸೇರಿಸಿ ತಾನೇ ಹೊಲಿದಳು. ಪುಸ್ತಕ ಒಂದಾಯಿತು. ಆದರೆ ಸರಿಯಾಗಿ ಮುಚ್ಚುವುದಿಲ್ಲ.

"ಇದರಲ್ಲಿ ನಿಮಗೆ ಅಷ್ಟು ಹಿಡಿಸಿದ್ದು ಏನು?" ಎಂದಳು ದಾರ ಕಚ್ಚಿ ಕತ್ತರಿಸುತ್ತ.

ಕೋರ್ಟಿನಲ್ಲಿ ನಿಂತವನಂತೆ ಗಂಟಲು ಸರಿಮಾಡಿಕೊಂಡೆ. "ನಾನು ಓದಿಲ್ಲ."

"ಓದದೇ ಹೇಳಿದ್ರಾ!"

"ವರ್ಷಕ್ಕೊಂದು ಸಲ ನೀನು ಓದ್ತೀಯ, ಅಳ್ತೀಯ. ಅಷ್ಟು ಸಾಕು, ಒಳ್ಳೆಯದೇ ಇರಬೇಕು ಅಂದುಕೊಂಡೆ."

ಅವಳಿಗೆ ನಗು ಬಂತೋ ಏನೋ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮುಚ್ಚದ ಆ ಪುಸ್ತಕವನ್ನು ನನ್ನ ಮಡಿಲಿಗಿಟ್ಟು, "ಮೊದಲ ಪುಟದಿಂದ" ಎಂದಳು.

ಶಿಕ್ಷೆ ಅನುಭವಿಸುತ್ತಿದ್ದೇನೆ. ನಿನ್ನೆ ಇನ್ನೂರಾ ಹತ್ತನೆಯ ಪುಟದಲ್ಲಿ, ಸಾಯಲಿರುವ ಆ ಬಡಪಾಯಿ ಹೊಸ ಅಂಗಿ ತೊಟ್ಟು ಹೆಣ್ಣು ನೋಡಲು ಹೊರಟಾಗ, ನನ್ನ ಕಣ್ಣು ತುಂಬಿಯೇ ಬಂತು. ನಾನು ರಸಜ್ಞನೆಂಬುದು ಕೊನೆಗೂ ಸಾಬೀತಾಯಿತೆಂದು ಕನ್ನಡಕ ತೆಗೆದು, ಅವಳಿಗೆ ಕಾಣುವಂತೆಯೇ ಒರೆಸಿಕೊಂಡೆ.

ಜಯ ಬಗ್ಗಿ ಪುಟ ನೋಡಿದಳು.

"ಅಲ್ಲಿ ಓದೋರೆಲ್ಲ ನಗ್ತಾರೆ, ಕಣ್ರೀ."