ಕಾಂತೇಶನ ಬ್ಯಾಟರಿ ಚಿಕಿತ್ಸೆ

ಸುರಪುರದ ಬಜಾರಿನ ನಡುವೆ ರೇಷ್ಮೆ ಸೀರೆ ಉಟ್ಟ ಹೆಂಡತಿಯಿಂದ ಕಾರು ತಳ್ಳಿಸಿದ್ದೇ ಕಾಂತೇಶ ಮಾಡಿದ ತಪ್ಪು. "ಈ ಗಾಡಿ ಕೀಲಿ ತಿರುವಿದ ಕೂಡ್ಲೆ ಶುರು ಆಗೂತನಕ ನಾ ಮನಿಗಿ ಬರಂಗಿಲ್ಲ" ಎಂದು ಪರಿಮಳಾ ಕೈ ಜಾಡಿಸಿಕೊಂಡು ಗೋಗಿಯ ತವರಿಗೆ ಬಸ್ಸು ಹತ್ತಿಬಿಟ್ಟಳು.

ರಂಗಂಪೇಟೆಯ ಶಾಲೆಯೊಂದರಲ್ಲಿ ಗುಮಾಸ್ತನಾಗಿದ್ದ ಕಾಂತೇಶ, ಭಾನುವಾರ ಬೆಳಗಾಗುತ್ತಲೇ ಹಳೆಯ ಬ್ಯಾಟರಿಯನ್ನು ಅಂಗಳಕ್ಕಿಳಿಸಿದ. ತುದಿಗಳ ಮೇಲೆ ಬಿಳಿ ಉಪ್ಪು ಹೂಕೋಸಿನಂತೆ ಅರಳಿತ್ತು. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ, ಹಸುಗೂಸಿಗೆ ಎರೆಯುವ ಅಜ್ಜಿಯಂತೆ ಮೆಲ್ಲಗೆ ತಿಕ್ಕತೊಡಗಿದ.

ಎದುರುಮನೆಯ ಅಂಬವ್ವ ಬಂದು ಬಗ್ಗಿ ನೋಡಿದಳು. "ಒಳಗ ಏನಿರತದೋ ಇದರಾಗ?"

"ಆಸಿಡ್ ಇರತದಬೇ. ಹುಳಿ ನೀರು."

"ಹುಳಿ ಕಮ್ಮಿ ಆಗಿದ್ರ ನಮ್ಮನ್ಯಾಗ ನಿಂಬಿ ಉಪ್ಪಿನಕಾಯಿ ರಸ ಅದ. ತರ್ಲೇನು?"

ಅವಳನ್ನು ಸಾಗಹಾಕಿ ತಿರುಗುವಷ್ಟರಲ್ಲಿ ಪಕ್ಕದ ಮನೆಯ ಬಾಲರಾಜ, ಬ್ಯಾಟರಿಗೆಂದು ತಂದಿಟ್ಟ ಡಿಸ್ಟಿಲ್ಡ್ ವಾಟರಿನ ಬಾಟಲಿ ಎತ್ತಿ ಅರ್ಧ ಕುಡಿದಿದ್ದ. "ಇದಕ್ಕ ರುಚಿನೇ ಇಲ್ಲ ನೋಡ್ರಿ ಸರ. ದುಕಾನದಾಂವ ನಿಮಗ ಮೋಸ ಮಾಡ್ಯಾನ."

ಉಳಿದ ನೀರನ್ನೇ ಕಣ್ಣಿಗೆ ಔಷಧ ಬಿಡುವಂತೆ ಒಂದೊಂದು ತೂತಿಗೂ ಹನಿಸಿ, ಕಾಂತೇಶ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದ. ಇಳಿಹೊತ್ತಿಗೆ ಕೀಲಿ ತಿರುವಿದರೆ ಕಾರು ಒಂದೇ ಏಟಿಗೆ ಗುರ್ರೆಂದಿತು. ಅಂಗಿ ಬದಲಿಸುವಷ್ಟೂ ತಾಳ್ಮೆಯಿಲ್ಲದೆ ಗೋಗಿಗೆ ಓಡಿಸಿದ.

ಅತ್ತೆ, ಮಾವ, ಓಣಿಯ ಮಂದಿಯ ಮುಂದೆ ಎಂಜಿನ್ ಆರಿಸಿ, ಮತ್ತೆ ಶುರು ಮಾಡಿ ತೋರಿಸಿದ. ಪರಿಮಳಾಳ ಮುಖ ಅರಳಿತು. "ಹೊಸಾದು ತಂದೀರೇನ್ರಿ?"

"ಹಳೇದೇ. ನಾನೇ ಜೀವ ತುಂಬೀನಿ" ಎಂದು ಕಾಂತೇಶ ಎದೆಯುಬ್ಬಿಸಿದ.

ಮಾವ ಮಹಾದೇವಪ್ಪ ಕಾರಿಗೆ ಒಂದು ಸುತ್ತು ಬಂದ. "ಭಾರಿ ಕೆಲಸ ಮಾಡೀರಿ ಅಳಿಯಾರ. ಶಹಾಪುರದಾಗ ನಮ್ಮ ತಮ್ಮನ ಮೊಮ್ಮಗಳ ತೊಟ್ಟಲ ಕಾರ್ಯ ಅದ. ಇಷ್ಟೂ ಮಂದಿ ನಿಮ್ಮ ಕಾರಿನಾಗ ಹಿಡಸಂಗಿಲ್ಲ. ನಮ್ಮ ಜೀಪಿನ ಬ್ಯಾಟರಿ ಸತ್ತು ಕೂತದ. ನಿಮ್ಮದು ಹಾಕ್ಕೊಂಡು ಹೋಗ್ತೀನಿ, ನಮ್ಮದಕ್ಕ ನೀವು ಜೀವ ತುಂಬ್ರಿ."

ಅಳಿಯ ಬಾಯಿ ತೆರೆಯುವಷ್ಟರಲ್ಲಿ ಮಾವ ನಟ್ಟು ಬಿಚ್ಚುವ ಪಾನಾ ಹಿಡಿದು ಕಾರಿನ ಬಾನೆಟ್ಟಿನೊಳಗೆ ಬಗ್ಗಿದ್ದ. ಆ ಬ್ಯಾಟರಿ ಹಾಕಿದ ಕೂಡಲೇ ಜೀಪು ಶುರುವಾಯಿತು. ಪರಿಮಳಾ ಮುಂದಿನ ಸೀಟೇರಿದಳು.

"ನೀ ನನ್ನ ಕೂಡ ಬರಂಗಿಲ್ಲೇನು?"

"ಕಾರ್ಯ ಮುಗಿಸ್ಕೊಂಡು ನಾಕು ದಿನಕ್ಕ ಬರ್ತೀನ್ರಿ. ಅಪ್ಪನ ಬ್ಯಾಟರಿ ಚೊಲೋತ್ನಾಗಿ ಮಾಡ್ರಿ."

ಜೀಪಿನ ಧೂಳು ಇಳಿದಾಗ ಬಾಗಿಲಲ್ಲಿ ಊರಿನ ಆಟೋದವನು ಸತ್ತ ಬ್ಯಾಟರಿಯೊಂದನ್ನು ಹೆಗಲ ಮೇಲಿಟ್ಟುಕೊಂಡು ನಿಂತಿದ್ದ. ಅವನ ಹಿಂದೆ ಇನ್ನೂ ಮೂವರು.

"ಸಾವಕಾಶ ಮಾಡ್ರಿ ಸಾಹೇಬ್ರ," ಎಂದ ಆಟೋದವನು. "ನಾವು ಪಾಳಿ ಹಚ್ತೀವಿ."