ಹೇಳದೆ ಕೇಳದೆ ಮಲಗುವ ಲ್ಯಾಪ್‌ಟಾಪ್

ನಾನು ಸಿಟ್ಟಿನ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಉಡುಪಿ ಹತ್ತಿರದ ಅಲೆವೂರಿನಲ್ಲಿ ನಮ್ಮ ಮನೆಯ ಆಚೀಚೆ ಇರುವವರಿಗೆಲ್ಲ ಗೊತ್ತಿರುವ ವಿಷಯವನ್ನು ನಿಮಗೊಬ್ಬರಿಗೆ ಮುಚ್ಚಿಟ್ಟು ಪ್ರಯೋಜನವಿಲ್ಲ. ಗ್ಯಾಸಿನ ಲೈಟರ್ ಒತ್ತಿದ ಕೂಡಲೇ ಹೊತ್ತಿಕೊಳ್ಳದಿದ್ದರೆ ಸಿಟ್ಟು, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ಕಂಡಕ್ಟರ್ 'ಒಳಗೆ ಹೋಗಿ, ಒಳಗೆ ಹೋಗಿ' ಎಂದರೆ ಸಿಟ್ಟು, ದೋಸೆಯ ಜೊತೆ ಬಂದ ಚಟ್ನಿ ತಟ್ಟೆಯ ತುಂಬ ಓಡಾಡಿದರೆ ಸಿಟ್ಟು. ಇವೆಲ್ಲ ಬಂದು ಹೋಗುವ ಸಿಟ್ಟುಗಳು. ಬಂದು ನಮ್ಮ ಮನೆಯಲ್ಲೇ ಬಿಡಾರ ಹೂಡಿದ ಸಿಟ್ಟು ಒಂದೇ. ಅದು ನನ್ನ ಲ್ಯಾಪ್‌ಟಾಪಿನ ಮೇಲಿನದು. ಅದು ಮಲಗುತ್ತದೆ. ನಾನು ಎದುರಿಗೆ ಕುಳಿತಿರುವಾಗಲೇ, ನನ್ನ ಮುಖ ನೋಡುತ್ತಲೇ, ಹೇಳದೆ ಕೇಳದೆ ಮಲಗುತ್ತದೆ.

ನಾನು ಕಾರ್ಕಳದ ಹತ್ತಿರದ ಒಂದು ಕಾಲೇಜಿನಲ್ಲಿ ವಾಣಿಜ್ಯ ಪಾಠ ಮಾಡುವವನು. ಓದುವುದು, ಓದಿ ಯೋಚಿಸುವುದು ನನ್ನ ಕಸುಬು. ಈ ಯಂತ್ರದ ದೃಷ್ಟಿಯಲ್ಲಿ ಅದು ಕೆಲಸವೇ ಅಲ್ಲ. ಬೆರಳು ಆಡಿಸುತ್ತಿದ್ದರೆ ಮಾತ್ರ ಮನುಷ್ಯ ಬದುಕಿದ್ದಾನೆ ಎಂದು ಅದರ ಲೆಕ್ಕ. ಒಂದು ಪುಟವನ್ನು ಸಮಾಧಾನದಿಂದ ಓದುತ್ತಾ ಕುಳಿತರೆ ಮೊದಲು ಪರದೆ ಮಂಕಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ವಿದ್ಯುತ್ ಉಳಿತಾಯವಂತೆ! ಯಾರ ವಿದ್ಯುತ್ತನ್ನು ಯಾರು ಉಳಿಸುವುದು? ಬಿಲ್ಲು ಕಟ್ಟುವವನು ನಾನು. ಮೊನ್ನೆ ತರಗತಿಯಲ್ಲಿ ಸವಕಳಿಯ ಪಾಠ ನಡೆಯುತ್ತಿತ್ತು. ಹಿಂದಿನ ಎರಡು ಬೆಂಚು ಆಗಲೇ ತೂಕಡಿಸುತ್ತಿತ್ತು. ಅದನ್ನು ನೋಡಿಯೂ ನೋಡದ ಹಾಗಿರಲು ನಾನು ಕಲಿತಿದ್ದೇನೆ. ಆದರೆ ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರ್ ಮೂಲಕ ಗೋಡೆಯ ಮೇಲೆ ಬೀಳುತ್ತಿದ್ದ ನನ್ನದೇ ಪಾಠ ಕೂಡ ಮಲಗಿಬಿಟ್ಟರೆ? ಇಡೀ ತರಗತಿ ಆಗ ಎಚ್ಚರವಾಯಿತು, ನಗುವುದಕ್ಕೆ.

ಸರಿ, ನಿದ್ದೆಯ ಸ್ವಭಾವದ್ದು ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಮಲಗು ಎಂದಾಗ ಮಲಗಬೇಕಲ್ಲ? ಅದೂ ಇಲ್ಲ. ಸಂಜೆ ಮುಚ್ಚಳ ಹಾಕಿ, ಚೀಲದಲ್ಲಿಟ್ಟು, ಬಸ್ಸು ಹತ್ತಿದರೆ ಒಳಗೆ ಅದು ತಾನಾಗಿಯೇ ಎದ್ದು ಕೂರುತ್ತದೆ. ಎದ್ದು ಏನು ಮಾಡುತ್ತದೋ ದೇವರೇ ಬಲ್ಲ. ಮನೆಗೆ ಬಂದು ಚೀಲ ತೆರೆದರೆ ಆಗಷ್ಟೇ ಒಲೆಯಿಂದ ಇಳಿಸಿದ ಕಡುಬಿನಷ್ಟು ಬಿಸಿ, ಬ್ಯಾಟರಿಯಲ್ಲಿ ಮಾತ್ರ ಹನಿ ಜೀವವಿಲ್ಲ. ನಮ್ಮ ಕಾಲೇಜಿನ ಕಂಪ್ಯೂಟರ್ ವಿಭಾಗದ ಪೈಗಳ ಹತ್ತಿರ ಹೇಳಿಕೊಂಡೆ. ಅವರು ಬಹಳ ಶಾಂತ ಸ್ವಭಾವದವರು. ಅದೂ ನನಗೆ ಸಿಟ್ಟು ತರಿಸುವ ಸಂಗತಿಯೇ. "ಅದು ನಿಮ್ಮ ಒಳ್ಳೆಯದಕ್ಕೇ ಮಾಡುವುದು ಸರ್. ನಿಮ್ಮ ಬ್ಯಾಟರಿ ಹಳತು, ಅದಕ್ಕೂ ಸ್ವಲ್ಪ ರೆಸ್ಟ್ ಬೇಕಲ್ವಾ?" ಎಂದರು. ನನ್ನ ಒಳ್ಳೆಯದನ್ನು ಈ ಡಬ್ಬ ನಿರ್ಧರಿಸಬೇಕೆ! ಅಂದೇ ಮನೆಗೆ ಬಂದು ಸೆಟ್ಟಿಂಗ್ಸ್ ತೆರೆದೆ. ನಿದ್ದೆ ಯಾವಾಗ ಎಂದು ಕೇಳುವ ಕಡೆ 'ಯಾವತ್ತೂ ಬೇಡ' ಎಂದು ಒತ್ತಿದೆ. ಅಷ್ಟಕ್ಕೆ ಸಿಟ್ಟು ಇಳಿಯಲಿಲ್ಲ. ಬಲಗಡೆಯ ಮೂಲೆಯಲ್ಲಿ ಆಗಾಗ ಇಣುಕುವ 'ಬ್ಯಾಟರಿ ಕಡಿಮೆ ಉಂಟು, ಚಾರ್ಜಿಗೆ ಹಾಕಿ' ಎಂಬ ಉಪದೇಶಗಳನ್ನೂ ಒಂದೊಂದಾಗಿ ಹುಡುಕಿ ಬಂದ್ ಮಾಡಿದೆ. ಬುದ್ಧಿಮಾತು ಕೇಳುವ ವಯಸ್ಸು ನನ್ನದಲ್ಲ.

ನಾನು ನೋಡದೆ ಹೋದದ್ದೆಂದರೆ ಅಲ್ಲಿ ಎರಡು ಸಾಲುಗಳಿದ್ದವು. ಕರೆಂಟಿಗೆ ಸಿಕ್ಕಿಸಿರುವಾಗ ಹೇಗೆ ಎಂಬುದು ಒಂದು, ಬ್ಯಾಟರಿಯಲ್ಲಿ ನಡೆಯುವಾಗ ಹೇಗೆ ಎಂಬುದು ಇನ್ನೊಂದು. ನಾನು ಬದಲಾಯಿಸಿದ್ದು ಮೊದಲನೆಯದನ್ನು ಮಾತ್ರ. ಎರಡನೆಯ ಸಾಲನ್ನು ನೋಡುವಷ್ಟು ತಾಳ್ಮೆ ಇದ್ದಿದ್ದರೆ ನಾನು ಪೈಗಳೇ ಆಗುತ್ತಿದ್ದೆ.

ಇಲ್ಲಿ ನನ್ನ ಅಮ್ಮನ ವಿಷಯ ಹೇಳಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ ಮಧ್ಯಾಹ್ನ ಕಳೆದರೆ ಘಟ್ಟದ ಬದಿಯಿಂದ ಗುಡುಗು ಶುರು. ಕಾರ್ಕಳದ ದಿಕ್ಕಿನಲ್ಲಿ ಎಲ್ಲೋ ಗುಡುಗುಟ್ಟಿದರೆ ಸಾಕು, ಅಮ್ಮ ಎದ್ದಳೆಂದೇ ಅರ್ಥ. ಟಿವಿ, ಫ್ರಿಜ್ಜು, ಮಿಕ್ಸಿ, ಇಂಟರ್‌ನೆಟ್ಟಿನ ಪೆಟ್ಟಿಗೆ ಎಲ್ಲದರ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ವಯರುಗಳನ್ನು ಸುತ್ತಿಟ್ಟು, ಆಮೇಲೆಯೇ ಚಾವಡಿಯಲ್ಲಿ ಕೂರುವುದು. ಇದು ಈ ಊರಿನ ಮನೆಮನೆಯ ಕ್ರಮವೇ ಆದರೂ ನಮ್ಮಮ್ಮನದು ಸ್ವಲ್ಪ ಹೆಚ್ಚು. ಆಚೆಮನೆಯವರ ಟಿವಿ ಸಿಡಿಲಿಗೆ ಸುಟ್ಟುಹೋದದ್ದನ್ನು ಆಕೆ ನಮ್ಮ ಕುಟುಂಬದ ಚರಿತ್ರೆಯೆಂಬಂತೆ ಇವತ್ತಿಗೂ ಹೇಳುತ್ತಾಳೆ. ನಾನು ರೇಗುತ್ತೇನೆ. ಅವಳು "ಆಯಿತು ಮಗಾ" ಎನ್ನುತ್ತಾ ಪ್ಲಗ್ಗು ಕೀಳುತ್ತಾಳೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ನನ್ನ ಮಗಳು ಅನುಷಾ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅವಳಿಗೊಂದು ಸಂಬಂಧ ಬಂತು. ತಂದದ್ದು ಕಾಪುವಿನಲ್ಲಿರುವ ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ. ಹುಡುಗನ ಕಡೆಯವರು ಮೂಲತಃ ಕಾಪುವಿನವರೇ, ಈಗ ಮುಂಬಯಿಯಲ್ಲಿದ್ದಾರೆ. ಮೊದಲು ವಿಡಿಯೋದಲ್ಲಿ ನೋಡಿ ಮಾತಾಡುವುದು, ಸರಿ ಕಂಡರೆ ಊರಿಗೆ ಬರುವುದು ಎಂದಾಯಿತು. ಹುಡುಗನ ಫೋಟೋ ನೋಡಿ ಅನುಷಾ ಬೇಡವೆನ್ನಲಿಲ್ಲ. ನಮ್ಮ ಮನೆಯಲ್ಲಿ ಅದು ದೊಡ್ಡ ಒಪ್ಪಿಗೆ. ಆದರೆ ಆ ದಿನ ಬೆಳಿಗ್ಗೆ ನನ್ನ ಹತ್ತಿರ ಬಂದು ಕುಳಿತಳು.

"ಪಪ್ಪ, ಕೆಲಸ ಬಿಡಬೇಕು ಅಂತ ಅವರು ಹೇಳಿದ್ರೆ ನೀವೇ ಆಗುವುದಿಲ್ಲ ಅಂತ ಹೇಳ್ಬೇಕು. ನಾನು ಹೇಳಿದ್ರೆ ಹುಡುಗಿಗೆ ಬಾಯಿ ಜೋರು ಅಂತಾರೆ."

"ನನಗೆ ಹೇಳಿಕೊಡಬೇಕಾ? ಕೇಳಿ ನೋಡಲಿ ಅವರು!" ಎಂದೆ. ಅಷ್ಟಕ್ಕೇ ನನ್ನ ಕಿವಿ ಬಿಸಿಯಾಗಿತ್ತು.

ಸಂಜೆ ಲ್ಯಾಪ್‌ಟಾಪನ್ನು ಟೀಪಾಯಿಯ ಮೇಲಿಟ್ಟು, ಸೋಫಾದ ಹಿಂದಿನ ಪ್ಲಗ್ಗಿಗೆ ಸಿಕ್ಕಿಸಿ, ಮನೆಯ ಇಂಟರ್‌ನೆಟ್ಟು ಎಂದಿನಂತೆ ಕೈಕೊಟ್ಟೀತು ಎಂದು ಮೊಬೈಲಿನಿಂದ ಸಂಪರ್ಕ ಕೊಟ್ಟು ಕುಳಿತೆವು. ಹುಡುಗ, ಅವನ ತಂದೆ, ತಾಯಿ ಪರದೆಯ ಮೇಲೆ ಬಂದರು. ತಂದೆ ದಪ್ಪ ಮೀಸೆಯ, ದಪ್ಪ ದನಿಯ ಮನುಷ್ಯ. ಕಾಪುವಿನ ಲೈಟ್‌ಹೌಸಿನ ಹತ್ತಿರ ಈಗ ಎಷ್ಟು ಜನ, ಮುಂಬಯಿಯಲ್ಲಿ ಎಷ್ಟು ಸೆಕೆ ಎಂದೆಲ್ಲ ತುಳುವಿನಲ್ಲಿ ಮಾತಾಯಿತು. ಅಷ್ಟರಲ್ಲಿ ದೂರದಲ್ಲಿ ಒಂದು ಗುಡುಗು. ಅಮ್ಮ ಎದ್ದು ಹೋದದ್ದನ್ನು ನಾನು ಗಮನಿಸಲಿಲ್ಲ. ಹಿರಿಯರು ಮಾತಾಡಲಿ ಎಂದು ಹೆಂಡತಿ ಮಗಳನ್ನು ಕರೆದುಕೊಂಡು ಅಡುಗೆಮನೆಗೆ ಹೋದಳು. ಪರದೆ ಸ್ವಲ್ಪ ಮಂಕಾದ ಹಾಗೆ ಕಂಡಿತು. ಮುಂಬಯಿಯಲ್ಲಿ ಮೋಡವಿರಬೇಕು ಅಂದುಕೊಂಡೆ.

ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು. "ನೋಡಿ, ನಮ್ಮಲ್ಲಿ ಒಂದು ಕ್ರಮ ಉಂಟು. ಮನೆಯ ಸೊಸೆಯಂದಿರು ಹೊರಗೆ ದುಡಿಯಲಿಕ್ಕೆ ಹೋಗುವುದಿಲ್ಲ. ಮದುವೆಯ ಮೊದಲೇ ಅವಳು ಕೆಲಸ ಬಿಡಬೇಕು. ನೀವು ಎಂತ ಹೇಳ್ತೀರಿ?"

ನೀವು ನಂಬುವುದಿಲ್ಲ. ಗ್ಯಾಸ್ ಲೈಟರಿಗೆ ಬರುವ ಸಿಟ್ಟು, ಚಟ್ನಿಗೆ ಬರುವ ಸಿಟ್ಟು, ಬೆಳಿಗ್ಗೆಯಷ್ಟೇ ಕಿವಿ ಬಿಸಿ ಮಾಡಿದ್ದ ಸಿಟ್ಟು, ಎಲ್ಲಿ ಹೋಯಿತೋ ಗೊತ್ತಿಲ್ಲ. ಒಳಗೆಲ್ಲ ತಡಕಾಡಿದೆ, ಒಂದು ಚೂರೂ ಸಿಗಲಿಲ್ಲ. ಒಳ್ಳೆಯ ಮನೆತನ, ಮಗಳ ವಯಸ್ಸು, ಭಾವನ ಮರ್ಯಾದೆ, ಆ ಮೀಸೆ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದು ನನ್ನ ಮುಖದ ಮೇಲೆ ಒಂದು ನಗು ಮೂಡಿತು. ಹಲ್ಲು ಕಾಣುವ ನಗು. 'ಅದಕ್ಕೇನಂತೆ, ನಿಮ್ಮ ಮನೆಯ ಕ್ರಮದ ಹಾಗೇ ಆಗಲಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದೆ.

ಪರದೆ ಕಪ್ಪಾಯಿತು.

ತಟ್ಟನೆ ಸಿಟ್ಟು ವಾಪಸು ಬಂತು ನೋಡಿ! ಇಂಥ ಹೊತ್ತಿನಲ್ಲಿ ಮಲಗುವುದೆ, ದರಿದ್ರದ್ದೇ! ಮುಚ್ಚಳ ಹಿಡಿದು ಧಡ್ ಎಂದು ಬಡಿದೆ. ಟೀಪಾಯಿಯ ಮೇಲಿದ್ದ ಲೋಟ ಉರುಳಿತು. ಆ ಸದ್ದಿಗೆ ಅಡುಗೆಮನೆಯಿಂದ ಇಬ್ಬರೂ ಓಡಿ ಬಂದರು. ಆ ದಪ್ಪ ದನಿಯ ಪ್ರಶ್ನೆ ಅವರಿಗೆ ಒಳಗೆ ಚೆನ್ನಾಗಿ ಕೇಳಿಸಿತ್ತು. ಅದರ ಹಿಂದೆಯೇ ಕೇಳಿಸಿದ್ದು ಈ ಧಡ್. ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ನನ್ನ ಕೈ, ಕೆಂಪಾದ ನನ್ನ ಮುಖ. ಅನುಷಾಳ ಕಣ್ಣಲ್ಲಿ ನೀರು.

"ಒಂದು ಮಾತೂ ಆಡದೆ ಮುಚ್ಚಿಬಿಟ್ರಲ್ಲ ಪಪ್ಪ!" ಎಂದು ನನ್ನ ತೋಳು ಹಿಡಿದುಕೊಂಡಳು. "ನೀವು ಒಪ್ಪಿಬಿಡ್ತೀರೋ ಅಂತ ನನಗೆ ಹೆದರಿಕೆ ಇತ್ತು."

"ಹ್ಞೂಂ" ಎಂದೆ. ಅದಕ್ಕಿಂತ ಹೆಚ್ಚು ಏನು ಹೇಳಿದರೂ ಅಪಾಯವಿತ್ತು.

ಹೆಂಡತಿ ಮಾತ್ರ "ಎಂತ ಮಾರಾಯ್ರೆ ನೀವು, ಒಂದಿಷ್ಟು ನಯವಾಗಿ ಹೇಳಬಹುದಿತ್ತಲ್ವಾ" ಎಂದು ಗೊಣಗಿದಳು. ಅದರಲ್ಲೂ ಹೆಮ್ಮೆಯ ವಾಸನೆ ಇತ್ತು. ಅವರು ಒಳಗೆ ಹೋದ ಮೇಲೆ ಸೋಫಾದ ಹಿಂದೆ ಬಗ್ಗಿ ನೋಡಿದೆ. ಪ್ಲಗ್ಗು ಕಿತ್ತು ವಯರನ್ನು ಅಚ್ಚುಕಟ್ಟಾಗಿ ಸುತ್ತಿಟ್ಟಿತ್ತು. ಮಾತಿನ ನಡುವೆ ಅಮ್ಮ ತನ್ನ ಕ್ರಮ ಮುಗಿಸಿದ್ದಳು. ಹಳೆಯ ಬ್ಯಾಟರಿ ಇದ್ದಷ್ಟು ಹೊತ್ತು ಉಸಿರು ಹಿಡಿದು, ಆಮೇಲೆ ನಾನು ನೋಡದೆ ಬಿಟ್ಟ ಎರಡನೆಯ ಸಾಲಿನ ಪ್ರಕಾರ ಮಲಗಿತ್ತು. ಎಚ್ಚರಿಸಲು ಬರುತ್ತಿದ್ದ ಉಪದೇಶಗಳ ಬಾಯಿ ಮುಚ್ಚಿಸಿದವನು ನಾನೇ.

ಮರುದಿನ ಭಾವನ ಫೋನು. "ಎಂತ ಭಾವ, ಮುಖಕ್ಕೆ ಹೊಡೆದ ಹಾಗೆ ಕಟ್ ಮಾಡಿದ್ರಂತೆ! ಅವರು ಹೆದರಿಹೋಗಿದ್ದಾರೆ ಮಾರಾಯ್ರೆ. ಆದ್ರೆ ಹುಡುಗ ಒಳ್ಳೆಯವ. ಅವಳು ಕೆಲಸ ಯಾಕೆ ಬಿಡಬೇಕು, ಮುಂಬಯಿಯಲ್ಲಿ ಆಸ್ಪತ್ರೆ ಇಲ್ವಾ ಅಂತ ಅಪ್ಪನ ಹತ್ರ ಜಗಳ ಮಾಡಿದನಂತೆ. ಈಗ ಅವರೂ ಒಪ್ಪಿದ್ದಾರೆ. ಆದಿತ್ಯವಾರ ಇನ್ನೊಮ್ಮೆ ಮಾತಾಡುವ ಅಂತ ಹೇಳ್ತಾರೆ. ನೀವು ಸ್ವಲ್ಪ ಸಿಟ್ಟು ಕಡಿಮೆ ಮಾಡಿ."

ಆದಿತ್ಯವಾರ ಬಂತು. ಮದುವೆ ಮುಂಬಯಿಯಲ್ಲೇ ಆಗಬೇಕೆಂದು ಅವರು ಹಟ ಹಿಡಿಯಬಹುದೆಂದು ಭಾವ ಮೊದಲೇ ಸೂಚನೆ ಕೊಟ್ಟಿದ್ದರು. ಅನುಷಾಳಿಗೆ ಮದುವೆ ಉಡುಪಿಯಲ್ಲೇ ಆಗಬೇಕು. "ಪಪ್ಪ ಇದ್ದಾರಲ್ಲ, ಮಾತಾಡ್ತಾರೆ" ಎಂದು ಅವಳು ನಿಶ್ಚಿಂತೆಯಿಂದ ತಲೆ ಬಾಚಿಕೊಳ್ಳುತ್ತಿದ್ದಳು. ನಾನು ಟೀಪಾಯಿಯ ಎದುರು ಕುಳಿತು ಆ ಮೀಸೆಯನ್ನು ನೆನೆದುಕೊಂಡೆ. ಹಲ್ಲು ಕಾಣುವ ನಗು ಆಗಲೇ ಮುಖದ ಹತ್ತಿರ ಸುಳಿದಾಡುತ್ತಿತ್ತು.

"ಇವತ್ತಾದರೂ ಅದನ್ನು ಸರಿಯಾಗಿ ಚಾರ್ಜಿಗೆ ಹಾಕಿದ್ದೀರಾ?" ಎಂದು ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಹಾಕಿದ್ದೇನೆ! ಎಷ್ಟು ಸಲ ಹೇಳಬೇಕು?" ಎಂದು ರೇಗಿದೆ. ಆಮೇಲೆ ಕಿಟಕಿಯಿಂದ ಹೊರಗೆ ನೋಡಿದೆ. ಆಕಾಶ ಶುಭ್ರವಾಗಿತ್ತು, ಗುಡುಗುವ ಲಕ್ಷಣವೇ ಇರಲಿಲ್ಲ, ಅಮ್ಮ ಬಂದು ಪ್ಲಗ್ಗು ಕೀಳುತ್ತಾಳೆಂದು ನಂಬಿ ಕೂರುವ ಹಾಗಿರಲಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಸೋಫಾದ ಹಿಂದೆ ಕೈ ಹಾಕಿ, ಸ್ವಿಚ್ಚನ್ನು ನಾನೇ ಆರಿಸಿದೆ.